ಹಲ್ಲುಪುಡಿ ಡಬ್ಬಿಯ ದೀಪಗಳು

೧೯೭೧ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೆಯ ಕ್ಲಾಸು. ದಸರಾ ರಜೆಗೆ ಇನ್ನೂ ಹದಿನೈದು ದಿನ ಇತ್ತು. ಬಡತನ, ಅಪ್ಪನ ಕಾಯಿಲೆ ಎಂದೆಲ್ಲ ಕಾರಣ ಕೊಟ್ಟರೆ ಕೇಳುವವರಿಗೆ ಹಿತವಾಗಿರುತ್ತದೆ. ಆದರೆ ಮಾಕಳಿಯ ನಮ್ಮ ಮನೆಯಲ್ಲಿ ಆಗ ಎರಡು ಎಮ್ಮೆ ಹಾಲು ಕರೆಯುತ್ತಿದ್ದವು, ಮುದ್ದೆಗೆ ಬರವಿರಲಿಲ್ಲ. ನಾನು ಸ್ಕೂಲು ಬಿಟ್ಟದ್ದು ಒಂದು ಟಾರ್ಚ್ ಬಲ್ಬಿನ ದೆಸೆಯಿಂದ. ವಿಜ್ಞಾನದ ಮೇಷ್ಟರ ಬೀರುವಿನಲ್ಲಿದ್ದ ಬಲ್ಬು ಕಾಣೆಯಾಯಿತು. ತಂತಿ, ಸೆಲ್ಲು ಅಂದರೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವನು ಕ್ಲಾಸಿಗೆಲ್ಲ ನಾನೊಬ್ಬನೇ. ಮೇಷ್ಟರು ನನ್ನ ಚೀಲವನ್ನು ತೆಗೆದುಕೊಂಡು ಎಲ್ಲರ ಮುಂದೆ ಮೇಜಿನ ಮೇಲೆ ಸುರಿದರು. ಬಲ್ಬು ಬೀಳಲಿಲ್ಲ. ಅರ್ಧ ತಿಂದ ಸೀಬೆಕಾಯಿ ಬಿತ್ತು. ಕ್ಲಾಸು ನಕ್ಕಿತು. ಬಿದ್ದದ್ದನ್ನೆಲ್ಲ ತುಂಬಿಕೊಂಡು ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ತಿಂಗಳಾದ ಮೇಲೆ ಬಲ್ಬು ಆ ಬೀರುವಿನ ಹಿಂದೆಯೇ ಸಿಕ್ಕಿತಂತೆ. ‘ಹುಡುಗನ್ನ ಕಳಿಸಿ, ಏನೂ ಆಗಿಲ್ಲ’ ಎಂದು ಮೇಷ್ಟರು ಹೇಳಿ ಕಳಿಸಿದರು. ಏನೂ ಆಗಿಲ್ಲವಂತೆ!

ಇಷ್ಟು ಹಳೆಯ ಮಾತು ಈಗ ಎದ್ದದ್ದು ಒಂದು ಹಲ್ಲುಪುಡಿ ಡಬ್ಬಿಯಿಂದ. ಮೊನ್ನೆ ನನ್ನ ಹೆಂಡತಿ ಸರೋಜ ಅಟ್ಟ ಗುಡಿಸುತ್ತಾ ಆ ಡಬ್ಬಿಯನ್ನು ಅಲ್ಲಾಡಿಸಿ, “ಈ ದಾಳಿಂಬೆ ಬೀಜ ಇನ್ನೂ ಎಷ್ಟ್ ವರ್ಷ ಇಟ್ಕೊಂಡಿರ್ತೀರಾ?” ಎಂದಳು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಡಬ್ಬಿಯನ್ನು ಊಟದ ತಟ್ಟೆಗೆ ಸುರಿದು, ಎಣಿಸತೊಡಗಿದೆ.

“ಎಣಿಸ್ಕೊಳ್ಳಿ, ಚೆನ್ನಾಗ್ ಎಣಿಸ್ಕೊಳ್ಳಿ. ನಾನೇನೂ ಅದ್ರಲ್ಲಿ ಮೂಗುಬೊಟ್ಟು ಮಾಡಿಸ್ಕೊಂಡಿಲ್ಲ.”

ಎಣಿಕೆ ಸರಿಯಾಗಿತ್ತು. ಆದರೂ ಇನ್ನೊಂದು ಸಲ ಎಣಿಸಿದೆ.

ಅವು ಎಲ್‌ಇಡಿಗಳು. ಈಗ ಟೇಪ್ ರೆಕಾರ್ಡರಿನ ಮೇಲೆಲ್ಲ ಮಿಣಮಿಣ ಎನ್ನುತ್ತವಲ್ಲ, ಆ ಕೆಂಪು ಚುಕ್ಕಿ ದೀಪಗಳು. ಎಣಿಸಿದ್ದನ್ನೇ ಮತ್ತೆ ಎಣಿಸುವ ಈ ಅನುಮಾನ ನನ್ನ ಗುಣ ಎಂದು ಸರೋಜ ಹೇಳುತ್ತಾಳೆ. ನಾನು ಅದನ್ನು ಕಸುಬು ಎನ್ನುತ್ತೇನೆ. ಸ್ಕೂಲು ಬಿಟ್ಟ ಮೇಲೆ ಯಶವಂತಪುರದಲ್ಲಿ ಸೋದರಮಾವನ ರೇಡಿಯೋ ರಿಪೇರಿ ಅಂಗಡಿಗೆ ಸೇರಿಕೊಂಡೆ. ದಿನಾ ಮಾಕಳಿಯಿಂದ ಸೈಕಲ್ಲು. ಗಿರಾಕಿಗಳು ರೇಡಿಯೋ ಕೊಟ್ಟು ಹೋಗುತ್ತಿರಲಿಲ್ಲ, ಎದುರಿಗೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಒಳಗಿನ ಒಳ್ಳೆಯ ಸಾಮಾನು ತೆಗೆದು ಹಳೆಯದನ್ನು ಹಾಕಿಬಿಟ್ಟೇವೆಂಬ ಭಯ ಅವರಿಗೆ. ನಾಳೆ ಬಂದು ‘ಇದು ನನ್ನ ಸಾಮಾನಲ್ಲ’ ಎಂದಾರೆಂಬ ಭಯ ನಮಗೆ. ಹಾಗಾಗಿ ನಾವು ಹಾಕಿದ ಪ್ರತಿ ಭಾಗದ ಮೇಲೂ ಹಸಿರು ಬಣ್ಣದ ಒಂದು ಚುಕ್ಕಿ ಇಡುತ್ತಿದ್ದೆವು. ಪೆಟ್ಟಿಗೆ ಮುಚ್ಚಿದ ಮೇಲೆ ಸ್ಕ್ರೂಗಳ ತಲೆಗೆ ಒಂದೊಂದು ತೊಟ್ಟು ಅರಗು. ಯಾರಾದರೂ ಬಿಚ್ಚಿದರೆ ಅರಗು ಒಡೆದಿರುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ.

“ಗಿರಾಕೀನ ನಂಬಬ್ಯಾಡ, ಸಾಮಾನ್ ಮಾರೋನ ನಂಬಬ್ಯಾಡ. ಇಂಗೇ ಬಾಳು. ನಂಬೋದಾದ್ರೆ ಮೀಟರ್ ನಂಬು” ಎನ್ನುತ್ತಿದ್ದ ಮಾವ. ಆಮೇಲೆ ಸ್ವಲ್ಪ ಯೋಚಿಸಿ, “ಅದ್ನೂ ವಾರಕ್ಕೊಂದ್ ದಪ ಇನ್ನೊಂದ್ ಮೀಟರ್ ಜತೆ ತಾಳೆ ಆಕ್ಕೊ” ಎಂದು ಸೇರಿಸುತ್ತಿದ್ದ.

ಮಾವ ಹೋದ ಮೇಲೆ ಅಂಗಡಿ ನನ್ನದಾಯಿತು. ೧೯೮೪ರಲ್ಲಿ ಮುನಿರಾಜು ಬಂದ. ಅವನದೊಂದು ಆರ್ಕೆಸ್ಟ್ರಾ ಇತ್ತು. ಮಾಲೀಕನೂ ಅವನೇ, ಗಾಯಕನೂ ಅವನೇ. ಮದುವೆ ರಿಸೆಪ್ಶನ್ನು, ಗಣೇಶನ ಪೆಂಡಾಲು, ಎಲ್ಲ ಕಡೆ ಹಾಡುತ್ತಿದ್ದ. ಸಿನಿಮಾ ಹಾಡುಗಳಲ್ಲಿ ಆಗ ಹೊಸದಾಗಿ ಕೇಳಿಸುತ್ತಿದ್ದ ಆ ಜೀಂಯ್ ಎನ್ನುವ ವಾದ್ಯ ಅವನಿಗೂ ಬೇಕಾಗಿತ್ತು. ಪರದೇಶದ್ದು ಕೈಗೆಟುಕುತ್ತಿರಲಿಲ್ಲ.

“ನಂಜಪ್ಪ, ಸಿಂಥಸೈಜರ್ ಅಂತಾರಲ್ಲ, ಅದನ್ನ ನೀನ್ ಮಾಡ್ಬೋದಾ? ಇಂಜಿನಿಯರ್ ಒಬ್ರನ್ನ ಕೇಳ್ದೆ, ಇಲ್ಲಿ ಯಾರ್ ಕೈಲೂ ಆಗಲ್ಲ ಅಂದ್ರು.”

ಅವನು ಇಂಜಿನಿಯರ್ ಎನ್ನದೆ ಇದ್ದಿದ್ದರೆ ನಾನೂ ಆಗಲ್ಲ ಎನ್ನುತ್ತಿದ್ದೆನೇನೋ.

ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ನಕ್ಷೆ ಸಿಕ್ಕಿತು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಮೂರು ತಿಂಗಳು ಓದಿದೆ. ಗುಜರಿಯಲ್ಲಿ ಸಿಕ್ಕ ಹಾರ್ಮೋನಿಯಮ್ಮಿನ ಮನೆಗಳನ್ನೇ ಕೀಲಿಗಳಾಗಿ ಜೋಡಿಸಿದೆ. ನುಡಿಸಲು ಖಾದರ್ ಬಂದ. ಖಾದರ್ ಆರ್.ಟಿ. ನಗರದ ಕಡೆಯವನು, ಹಗಲು ಮೋಟಾರ್ ವೈಂಡಿಂಗ್ ಕೆಲಸ. ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಸುತ್ತಿ ಅವನ ಬೆರಳುಗಳ ತುದಿ ಒರಟಾಗಿದ್ದವು. ಅದೇ ಬೆರಳು ಕೀಲಿಯ ಮೇಲೆ ಇಟ್ಟರೆ ಬೆಣ್ಣೆ. ಅವನ ತಾತನ ಕಾಲದ ಹಾರ್ಮೋನಿಯಂ ಮನೆಯಲ್ಲಿತ್ತಂತೆ, ಅದರ ಮೇಲೆ ಕಲಿತದ್ದು. “ಅಣ್ಣ, ದಿನಪೂರ್ತಿ ತಾಮ್ರ. ಸಂಜೆ ಎರಡ್ ಗಂಟೆ ಇದು. ಇಷ್ಟೇ ನನ್ ಖುಷಿ” ಎನ್ನುತ್ತಿದ್ದ. ನಾನು ಅವನನ್ನು ಖಾದರ್ ಭಾಯ್ ಎಂದು, ನೀವು ಎಂದೇ ಮಾತಾಡಿಸುತ್ತಿದ್ದೆ. ಆದರೆ ಮೋಟಾರ್ ಸುತ್ತುವವನಿಗೆ ಎಲೆಕ್ಟ್ರಾನಿಕ್ಸ್ ಏನು ಗೊತ್ತು ಎಂಬುದು ಮನಸ್ಸಿನಲ್ಲಿ ಇದ್ದೇ ಇತ್ತು.

ವಾದ್ಯ ಹಾಡಿತು. ಮೀಟರ್ ಹಾಕಿ ನೋಡಿದೆ, ನೂರ ತೊಂಬತ್ತು ಮಿಲಿಆಂಪಿಯರ್ ಕರೆಂಟು ಎಳೆಯುತ್ತಿತ್ತು. ಒಳಗಿದ್ದ ಟ್ರಾನ್ಸ್‌ಫಾರ್ಮರು ಐನೂರು ಕೊಡಬಲ್ಲದ್ದು. ಅರ್ಧಕ್ಕಿಂತ ಹೆಚ್ಚು ಮಿಗುತ್ತದೆ! ಅಷ್ಟೊಂದು ಮಿಕ್ಕದ್ದನ್ನು ನೋಡಿದಾಗಲೇ ನನಗೆ ದುರಾಸೆ ಹುಟ್ಟಿದ್ದು.

ಸರ್ಟಿಫಿಕೇಟಿನ ಮೇಲೆ ನನ್ನ ಹೆಸರು ಯಾವತ್ತೂ ಬರಲಿಲ್ಲ. ಈ ಪೆಟ್ಟಿಗೆಯ ಮೇಲಾದರೂ ಬರಲಿ ಎಂದುಕೊಂಡೆ. ಅದೂ ಬಣ್ಣದಲ್ಲಿ ಬರೆದದ್ದಲ್ಲ, ಜನ ಕೂತ ಕಡೆಗೆ ಮುಖ ಮಾಡಿ ಕೆಂಪಗೆ ಉರಿಯಬೇಕು: ನಂಜಪ್ಪ. ಕಾಗದದ ಮೇಲೆ ಚುಕ್ಕಿ ಇಟ್ಟು ನೋಡಿದೆ. ನ ಎಂಬುದಕ್ಕೆ ಎಂಟು, ಸೊನ್ನೆಗೆ ಐದು, ಜ ಎಂಬುದಕ್ಕೆ ಒಂಬತ್ತು, ಕೊನೆಯ ಪ್ಪ ಒಂದೇ ಹದಿನಾಲ್ಕು ನುಂಗಿತು. ಒಟ್ಟು ಮೂವತ್ತಾರು. ನಮ್ಮಪ್ಪ ನನಗೆ ರವಿ ಎಂದು ಹೆಸರಿಟ್ಟಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಎಲ್‌ಇಡಿ ಆರಿಸಲು ಪೇಟೆಗೆ ಮೂರು ಸಲ ಹೋದೆ. ಎರಡು ಪೆನ್ಸಿಲ್ ಸೆಲ್ಲು, ಒಂದು ರೆಸಿಸ್ಟರು ಜೋಡಿಸಿದ ತಂತಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಂಗಡಿಯ ಗಲ್ಲೆಯ ಮುಂದೆಯೇ ಒಂದೊಂದನ್ನೂ ಹೊತ್ತಿಸಿ ನೋಡಿದೆ. ಹೊಸ ಎಲ್‌ಇಡಿಗೆ ಒಂದು ಕಾಲು ಉದ್ದ, ಒಂದು ಗಿಡ್ಡ ಇರುತ್ತದೆ. ಎರಡೂ ಗಿಡ್ಡವಾಗಿದ್ದರೆ ಯಾವುದೋ ಹಳೆಯ ಬೋರ್ಡಿನಿಂದ ಕಿತ್ತದ್ದು ಎಂದೇ ಅರ್ಥ. ಕೆಲವು ಕೆಂಪು, ಕೆಲವು ಕಿತ್ತಳೆ. ಒಂದೇ ಸೆಲ್ಲಿನಲ್ಲಿ ಒಂದು ಉರಿದರೆ ಇನ್ನೊಂದು ತೂಕಡಿಸುತ್ತದೆ.

“ಏನ್ ಗುರು, ಬದನೆಕಾಯ್ ಥರಾ ತಿರುಗ್ಸಿ ತಿರುಗ್ಸಿ ನೋಡ್ತಿದ್ದೀಯಾ. ಇದ್ರಲ್ಲಿ ಹುಳ ಇರಲ್ಲ” ಎಂದ ಅಂಗಡಿಯವನು.

“ಹುಳ ಇದ್ರೆ ನಿನ್ ತಕ್ಕಡೀಲಿ ಇರತ್ತೆ” ಎಂದೆ.

ಆರಿಸಿ ಆರಿಸಿ ತಂದೆ. ಎಲ್ಲಕ್ಕಿಂತ ಹೆಚ್ಚು ಉರಿಯುವವನ್ನೇ ತಂದೆ. ಒಂದು ಕೆಟ್ಟರೆ ಇನ್ನೊಂದು ಆರಬಾರದೆಂದು ಪ್ರತಿಯೊಂದಕ್ಕೂ ಪ್ರತ್ಯೇಕ ರೆಸಿಸ್ಟರು ಕೊಟ್ಟು, ತಲಾ ಹತ್ತು ಮಿಲಿಆಂಪಿಯರ್ ಹಂಚಿದೆ. ಹತ್ತು ಅಂದರೆ ಎಷ್ಟು ಮಹಾ? ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದವನು ಆ ಹತ್ತನ್ನು ಅನುಮಾನಿಸಲಿಲ್ಲ. ಹೆಸರು ಕೂರಿಸಿದ ಮೇಲೆ ಮತ್ತೊಮ್ಮೆ ಮೀಟರ್ ಹಾಕಲೂ ಇಲ್ಲ. ಹೆಸರಿಗೆ ಬೇರೆ ಸ್ವಿಚ್ಚು ಇತ್ತು. ಅಂಗಡಿಯಲ್ಲಿ ಅದನ್ನು ಹೊತ್ತಿಸುತ್ತಿರಲಿಲ್ಲ. ಹೊಸ ಬಟ್ಟೆಯನ್ನು ಯಾರಾದರೂ ಮನೆಯಲ್ಲಿ ಉಟ್ಟುಕೊಂಡು ಕೂರುತ್ತಾರೆಯೇ?

ಮೊದಲ ಕಾರ್ಯಕ್ರಮ ರಾಜಾನುಕುಂಟೆಯಲ್ಲಿ. ಸಂಜೆ ಖಾದರ್ ಸ್ವಿಚ್ಚು ಒತ್ತಿದಾಗ ಜನ ಓ ಎಂದರು. ನಾನು ಮುಂದಿನ ಸಾಲಿನಲ್ಲಿ ಮದುಮಗನ ಹಾಗೆ ಕೂತಿದ್ದೆ. ಮೂರನೆಯ ಹಾಡಿನ ಹೊತ್ತಿಗೆ ಮುನಿರಾಜು ಹಾಡುತ್ತಾ ಹಾಡುತ್ತಾ ಖಾದರ್ ಕಡೆ ತಿರುಗಿ ಕೆಕ್ಕರಿಸಿದ. ಶ್ರುತಿ ಇಳಿಯುತ್ತಿತ್ತು. ವಾದ್ಯ ಒಂದು ಕಡೆ, ಗಾಯಕ ಒಂದು ಕಡೆ. ಖಾದರ್ ಶ್ರುತಿಯ ತಿರುಪು ತಿರುಗಿಸಿ ಮೇಲೆತ್ತಿದ, ಅದು ಮತ್ತೆ ಜಾರಿತು. ಕಾರ್ಯಕ್ರಮ ಮುಗಿದ ಮೇಲೆ ಖಾದರ್ ನನ್ನ ಹತ್ತಿರ ಬಂದು, “ಅಣ್ಣ, ಪೆಟ್ಟಿಗೆ ಬೆನ್ನು ಬಿಸಿ ಆಗ್ತಾ ಇದೆ, ಸ್ವಲ್ಪ ನೋಡಿ” ಎಂದ.

“ಇದು ಪಂಪ್‌ಸೆಟ್ ಅಲ್ಲ ಖಾದರ್ ಭಾಯ್. ಎಲೆಕ್ಟ್ರಾನಿಕ್ ಸಾಮಾನು ಸ್ವಲ್ಪ ಬಿಸಿ ಆಗತ್ತೆ” ಎಂದೆ.

ಅವನು ವೈರುಗಳನ್ನು ಸುತ್ತತೊಡಗಿದ.

ಮಾರನೆಯ ದಿನ ಅಂಗಡಿಯಲ್ಲಿ ಪೆಟ್ಟಿಗೆಯನ್ನು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಾಡಿಸಿದೆ. ಶ್ರುತಿ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಂದಮೇಲೆ ತಪ್ಪು ಪೆಟ್ಟಿಗೆಯದಲ್ಲ. ನನ್ನ ಅನುಮಾನ ಕಟ್ಟಿದ ಹಗ್ಗ ಬಿಚ್ಚಿಕೊಂಡು ಊರು ತಿರುಗಲು ಹೊರಟಿತು. ಮೊದಲು ಕರೆಂಟಿನವರ ಮೇಲೆ ಹೋಯಿತು. ಸಂಜೆ ಎಲ್ಲರೂ ದೀಪ ಹಾಕಿದರೆ ಹಳ್ಳಿಯಲ್ಲಿ ವೋಲ್ಟೇಜು ಬೀಳುತ್ತದೆ, ಸರಿ. ಆದರೆ ಬಿದ್ದರೂ ಒಳಗೆ ಹನ್ನೆರಡು ವೋಲ್ಟಿಗೆ ಹಿಡಿದು ನಿಲ್ಲಿಸುವ ರೆಗ್ಯುಲೇಟರ್ ಇದೆಯಲ್ಲ? ಆಮೇಲೆ ಪೇಟೆಯ ಅಂಗಡಿಯವನ ಮೇಲೆ. ಆಮೇಲೆ ಮುನಿರಾಜುವಿನ ಗಂಟಲಿನ ಮೇಲೆ. ಶ್ರುತಿ ಇಳಿದದ್ದೋ, ಅವನೇ ಏರಿದ್ದೋ? ಯಲಹಂಕದ ಎರಡನೆಯ ಕಾರ್ಯಕ್ರಮದಲ್ಲೂ ಹಾಗೆಯೇ ಆದಾಗ ಅನುಮಾನ ಎಲ್ಲ ಮನೆ ಸುತ್ತಿ ಕೊನೆಗೆ ಖಾದರ್ ಬಾಗಿಲಲ್ಲಿ ನಿಂತಿತು. ಅಂಗಡಿಯಲ್ಲಿ ಸರಿ, ಸ್ಟೇಜಿನಲ್ಲಿ ತಪ್ಪು. ಎರಡರ ನಡುವೆ ಪೆಟ್ಟಿಗೆ ಇರುವುದು ಯಾರ ಮನೆಯಲ್ಲಿ? ಕೈಯಲ್ಲಿ ಇಕ್ಕಳ, ಬೆಸುಗೆ ಎಲ್ಲ ಇರುವುದು ಯಾರಿಗೆ?

ಮುನಿರಾಜುವಿಗೂ ತಾಳ್ಮೆ ಮುಗಿದಿತ್ತು. ಅಂಗಡಿಗೆ ಬಂದು ನನ್ನ ಎದುರೇ ಖಾದರ್‌ಗೆ ಹೇಳಿದ: “ನೋಡಪ್ಪಾ, ಮುಂದಿನ್ ಭಾನುವಾರ ಹೆಬ್ಬಾಳದಲ್ಲಿ ರಿಸೆಪ್ಶನ್. ದೊಡ್ಡ್ ಜನ. ಅಲ್ಲೂ ಹಿಂಗೇ ಕೈ ಕೊಟ್ರೆ ನಿನ್ ದಾರಿ ನಿಂಗೆ, ನನ್ ದಾರಿ ನಂಗೆ. ಬೇರೆ ಹುಡುಗ ರೆಡಿ ಇದ್ದಾನೆ.”

ಖಾದರ್ ನನ್ನ ಮುಖ ನೋಡಿದ. ಪೆಟ್ಟಿಗೆ ಮಾಡಿದವನು ಏನಾದರೂ ಹೇಳಿಯಾನು ಎಂದಿರಬೇಕು. ನಾನು ಸ್ಕ್ರೂಡ್ರೈವರ್ ಹುಡುಕುತ್ತಾ ಬಗ್ಗಿದೆ.

ಅಂಗಡಿಯಲ್ಲಿ ಅರಗು ಮುಗಿದಿತ್ತು. ಸರೋಜಳ ಉಗುರು ಬಣ್ಣದ ಶೀಶೆ ತಂದು ಪೆಟ್ಟಿಗೆಯ ಎಂಟು ಸ್ಕ್ರೂಗಳ ತಲೆಗೂ ಹಚ್ಚಿ, ಒಣಗಿಸಿ, ಖಾದರ್ ಕೈಗೆ ಕೊಟ್ಟೆ. ಮನೆಯಲ್ಲಿ ಶೀಶೆ ಖಾಲಿಯಾದದ್ದು ಗೊತ್ತಾಗಿ ರಾದ್ಧಾಂತ.

“ತಂಗಿ ಮದ್ವೆಗೆ ಅಂತ ಇಟ್ಟಿದ್ದೆ. ನಾನೇ ಹಚ್ಕೊಂಡಿಲ್ಲ, ನಿಮ್ ಸ್ಕ್ರೂಗಳು ಹಚ್ಕೊಂಡ್ ಕೂತಿದ್ದಾವಾ?”

“ಒಬ್ಬನ್ನ ಹಿಡೀಬೇಕಾಗಿದೆ.”

“ಯಾರನ್ನ, ಖಾದರ್‌ನಾ? ಆ ಮನುಷ್ಯ ನಮ್ಮನೇಲಿ ಕಾಫಿ ಕುಡಿದ್ರೆ ಲೋಟ ತೊಳೆದಿಟ್ಟು ಹೋಗ್ತಾನೆ.”

“ಅದೇ ಅನುಮಾನ ನಂಗೆ” ಎಂದೆ. ನಿಜವಾಗಿಯೂ ಹಾಗೆಂದೆ.

ಹೆಬ್ಬಾಳದ ಕೆರೆ ಕಡೆಯ ಛತ್ರ. ನಾನು ಮುಂಚೆಯೇ ಹೋಗಿ ಕೂತೆ. ಹಾಡು ಶುರುವಾಯಿತು. ಪೆಟ್ಟಿಗೆಯ ಮುಖ ಕತ್ತಲು. ನನ್ನ ಹೆಸರು ಹೊತ್ತಿಲ್ಲ! ಕೂತಲ್ಲಿಂದಲೇ ಕೈಸನ್ನೆ ಮಾಡಿದೆ, ಸ್ವಿಚ್ಚು, ಸ್ವಿಚ್ಚು ಎಂದು. ಖಾದರ್ ನೋಡಿದ, ನೋಡಿ ಕೀಲಿಗಳ ಕಡೆ ತಲೆ ತಗ್ಗಿಸಿದ. ಎರಡು ಗಂಟೆ ಹೊತ್ತು ಆ ಕಪ್ಪು ಮುಖವನ್ನೇ ನೋಡುತ್ತಾ ಕುದಿದೆ. ಮುಗಿದ ಕೂಡಲೇ ಪೆಟ್ಟಿಗೆಯನ್ನು ಎತ್ತಿಕೊಂಡು ಅಡುಗೆ ಮನೆಯ ಪಕ್ಕದ ಜಗಲಿಗೆ ಹೋದೆ. ಖಾದರ್ ಹಿಂದೆಯೇ ಬಂದ. ಎಂಟು ಸ್ಕ್ರೂಗಳ ಬಣ್ಣವೂ ಒಡೆದಿತ್ತು.

“ಯಾರ್ ಬಿಚ್ಚಿದ್ದು?”

“ನಾನೇ ಅಣ್ಣ.”

“ನಾನೇ ಅಂತೀಯಲ್ಲ! ಏನೋ ಕದ್ದೆ ಒಳಗಿಂದ?”

ಅದುವರೆಗೆ ನೀವು ಎನ್ನುತ್ತಿದ್ದ ಬಾಯಿ. ಹಪ್ಪಳ ಕರಿಯುತ್ತಿದ್ದವರು ಜಾಲರಿ ಹಿಡಿದುಕೊಂಡು ತಿರುಗಿ ನೋಡಿದರು. ಖಾದರ್ ಹೆಗಲ ಚೀಲವನ್ನು ತೆಗೆದು ನನ್ನ ಮುಂದೆ ಅಲ್ಲಿದ್ದ ಮೇಜಿನ ಮೇಲೆ ಬುಡಮೇಲು ಮಾಡಿದ. ಒಂದು ಇಕ್ಕಳ, ಟೇಪಿನ ಸುರುಳಿ, ಬೆಸುಗೆ ಹಾಕುವ ಐರನ್ನು, ಮತ್ತೆ ಪೇಪರಿನಲ್ಲಿ ಕಟ್ಟಿದ ಎರಡು ಲಾಡು. ಮಗಳಿಗೆ ಎಂದು ಎಲೆಯಿಂದ ಎತ್ತಿಟ್ಟುಕೊಂಡದ್ದು. ಒಂದು ಲಾಡು ಉರುಳಿ ಮೇಜಿನ ಅಂಚಿಗೆ ಹೋಗಿ ನಿಂತಿತು. ಅಡುಗೆಯವನೊಬ್ಬ ನಕ್ಕ.

ನನಗೆ ಸೀಬೆಕಾಯಿ ನೆನಪಾಯಿತು.

“ನೋಡ್ಕೊಂಡ್ರಾ?” ಎಂದ ಖಾದರ್. “ಈಗ ನನ್ದೊಂದು ಪ್ರಶ್ನೆ. ಇವತ್ತು ಶ್ರುತಿ ಇಳೀತಾ ಅಣ್ಣ?”

ಎರಡು ಗಂಟೆ ಕಣ್ಣು ಬಿಟ್ಟುಕೊಂಡು ಕೂತಿದ್ದವನು ಕಿವಿಗಳನ್ನು ಯಶವಂತಪುರದಲ್ಲೇ ಬಿಟ್ಟು ಬಂದಿದ್ದೆ. ಈಗ ಹಿಂದಕ್ಕೆ ಹೋಗಿ ನೆನೆಸಿಕೊಂಡರೆ, ಇಲ್ಲ, ಇಳಿದಿರಲಿಲ್ಲ. ಮುನಿರಾಜು ಒಂದು ಸಲವೂ ತಿರುಗಿ ಕೆಕ್ಕರಿಸಿರಲಿಲ್ಲ.

ಖಾದರ್ ತಾನೇ ಪೆಟ್ಟಿಗೆಯ ಬೆನ್ನು ತೆಗೆದ. ಒಳಗೆ ನನ್ನ ಹಸಿರು ಚುಕ್ಕಿಗಳೆಲ್ಲ ಇಟ್ಟ ಕಡೆಯೇ ಇದ್ದವು. ಒಂದೇ ಒಂದು ತಂತಿ, ಹೆಸರಿನ ಕಡೆ ಹೋಗುವುದು, ಬೆಸುಗೆ ಬಿಚ್ಚಿ, ತುದಿಗೆ ನೀಟಾಗಿ ಟೇಪು ಸುತ್ತಿ ಪಕ್ಕಕ್ಕೆ ಮಲಗಿಸಿತ್ತು.

“ಮೋಟಾರ್ ಸುತ್ತೋನ್ಗೆ ಲೋಡ್ ಅಂದ್ರೆ ಏನು ಅಂತ ಗೊತ್ತಾಗಲ್ವಾ ಅಣ್ಣ? ಯಲಹಂಕದಲ್ಲಿ ಬೆನ್ನು ಮುಟ್ಟಿ ನೋಡ್ದೆ. ಜ್ವರ ಬಂದ ಮಗು ಥರಾ ಸುಡ್ತಿತ್ತು. ಇದನ್ನ ಬಿಚ್ಚಿ ಮನೇಲಿ ನುಡಿಸ್ದೆ, ತಣ್ಣಗಾಯ್ತು. ಬರೀ ಸ್ವಿಚ್ ಆರಿಸಿಟ್ರೆ ಸ್ಟೇಜ್ ಮೇಲೆ ಯಾರಾದ್ರೂ ಒತ್ಬಿಡ್ತಾರೆ ಅಂತ ಹಂಗೇ ಬಿಟ್ಟೆ. ಮೀಟರ್ ತಂದಿದ್ದೀರಲ್ಲ, ಹಾಕಿ.”

ಮೀಟರ್ ಹಾಕಿದೆ. ನೂರ ತೊಂಬತ್ತು. ಹೆಸರಿನ ಸ್ವಿಚ್ಚು ಹಾಕಿ, ಟೇಪು ಬಿಚ್ಚಿ ತಂತಿಯನ್ನು ಅದರ ಜಾಗಕ್ಕೆ ಮುಟ್ಟಿಸಿದೆ. ಹೆಸರು ಜಗಲಿಯ ಗೋಡೆಯನ್ನೆಲ್ಲ ಕೆಂಪು ಮಾಡುತ್ತಾ ಹೊತ್ತಿತು. ಮುಳ್ಳು ಐನೂರ ಐವತ್ತಕ್ಕೆ ಹೋಗಿ ನಿಂತಿತು. ಟ್ರಾನ್ಸ್‌ಫಾರ್ಮರಿನ ಶಕ್ತಿ ಐನೂರು. ಮೂವತ್ತಾರು ಹತ್ತಲೆ ಮುನ್ನೂರ ಅರವತ್ತು: ಇದಕ್ಕೆ ಒಂಬತ್ತನೆಯ ಕ್ಲಾಸೂ ಬೇಡ, ಮೂರನೆಯ ಕ್ಲಾಸು ಸಾಕು. ವಾದ್ಯ ಎಳೆಯುವುದರ ಹತ್ತಿರ ಹತ್ತಿರ ಎರಡು ಪಟ್ಟು ನನ್ನ ಹೆಸರೇ ಎಳೆಯುತ್ತಿತ್ತು. ಸಂಜೆ ವೋಲ್ಟೇಜು ಇಳಿದಾಗ ರೆಗ್ಯುಲೇಟರಿಗೆ ಹಿಡಿದು ನಿಲ್ಲಲು ಏನೂ ಮಿಗುತ್ತಿರಲಿಲ್ಲ, ಹನ್ನೆರಡು ವೋಲ್ಟು ಹನ್ನೊಂದೂವರೆಯಾದರೆ ಶ್ರುತಿಯ ಷಡ್ಜವೇ ಜಾರುತ್ತಿತ್ತು. ಅಂಗಡಿಯಲ್ಲಿ ಹಗಲು ಹೊತ್ತು, ಹೆಸರು ಆರಿಸಿಟ್ಟು ನೋಡಿದರೆ ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಮುನಿರಾಜು ಎಲೆಯಡಿಕೆ ಜಗಿಯುತ್ತಾ ಬಂದ. “ಏನದು ಗಲಾಟೆ? ಕದ್ದೆ ಗಿದ್ದೆ ಅಂತ ಕೇಳಿಸ್ತು?”

ನಾನು ಉಸಿರು ಬಿಡುವ ಮೊದಲೇ ಖಾದರ್ ಹೇಳಿದ: “ಏನಿಲ್ಲಣ್ಣ. ಒಂದ್ ವೈರ್ ಲೂಸ್ ಆಗಿತ್ತು. ಇಳಿಸೋವಾಗ ನಾನೇ ಎಲ್ಲೋ ಕುಕ್ಕಿರ್ಬೇಕು. ಅದಕ್ಕೇ ಅವತ್ತೆಲ್ಲ ಹಂಗಾಗಿದ್ದು. ಸರಿ ಆಯ್ತು ಈಗ.”

“ನೋಡ್ದಾ ನಂಜಪ್ಪ! ನಾನ್ ಹೇಳ್ಲಿಲ್ವಾ, ಇವನ್ದೇ ಕೈವಾಡ ಅಂತ? ಇವತ್ತೇನೋ ದೇವರು ದೊಡ್ಡೋನು. ನಾಳೆ ಮತ್ತೆ ಕುಕ್ತಾನೆ. ಸಾಕಪ್ಪಾ ನಿನ್ ಸಾವಾಸ, ಆ ಹುಡುಗನ್ಗೇ ಹೇಳಿ ಕಳಿಸ್ತೀನಿ.”

ನನ್ನ ಕೈಯಲ್ಲಿ ತಂತಿ ಹಾಗೇ ಇತ್ತು. ಹೆಸರು ಉರಿಯುತ್ತಲೇ ಇತ್ತು. ಮುನಿರಾಜುವಿನ ಪರಿಚಯದ ಇನ್ನೊಂದು ಆರ್ಕೆಸ್ಟ್ರಾದವರು ಇಂಥದೇ ಪೆಟ್ಟಿಗೆ ಬೇಕೆಂದು ಕೇಳಿದ್ದರು. ನಿಜ ಹೇಳುತ್ತೇನೆ, ಒಂದು ಹಪ್ಪಳ ಎಣ್ಣೆಯಲ್ಲಿ ಅರಳುವಷ್ಟು ಹೊತ್ತು ನಾನು ಸುಮ್ಮನೆ ನಿಂತೆ. ಖಾದರ್ ಲಾಡುಗಳನ್ನು ಮತ್ತೆ ಪೇಪರಿಗೆ ಸುತ್ತುತ್ತಿದ್ದ. ಇನ್ನೇನು ಚೀಲ ತುಂಬಿಕೊಂಡು ಹೊರಡುತ್ತಾನೆ. ಹಾಗೆ ಹೊರಟವನು ತಿರುಗಿ ಬರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಮುನಿರಾಜು, ಅವರು ಕುಕ್ಕಿಲ್ಲ” ಎಂದೆ. “ತಪ್ಪು ನಂದು. ಈ ಹೆಸರು ಹಾಕಿದ್ನಲ್ಲ, ಇದು ಕರೆಂಟೆಲ್ಲ ಎಳ್ಕೊಂಡ್ಬಿಡ್ತಿತ್ತು. ಅದಕ್ಕೇ ಶ್ರುತಿ ಇಳೀತಿತ್ತು. ಖಾದರ್ ಭಾಯ್ ಕಂಡುಹಿಡಿದ್ರು, ನಾನಲ್ಲ.”

ಮುನಿರಾಜು ಜಗಿಯುವುದನ್ನು ನಿಲ್ಲಿಸಿ ಉರಿಯುವ ಹೆಸರನ್ನೂ ನನ್ನ ಮುಖವನ್ನೂ ನೋಡಿದ. “ಥೂ ನಿನ್ನ! ನಿನ್ ಹೆಸರಿಗೆ ನನ್ ಗಂಟಲು ಬಲಿ ಕೊಟ್ಯಾ?” ಎಂದ. ಆಮೇಲೆ ಖಾದರ್ ಕಡೆ ತಿರುಗಿ, “ಬುಧವಾರ ಪ್ರಾಕ್ಟೀಸು. ಲೇಟಾಗ್ ಬರಬೇಡ” ಎಂದು ಹೊರಟುಹೋದ. ಆ ಇನ್ನೊಂದು ಆರ್ಕೆಸ್ಟ್ರಾದವರು ಮತ್ತೆ ನನ್ನ ಅಂಗಡಿಗೆ ಬರಲಿಲ್ಲ.

ಖಾದರ್ ಏಕೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ? ಒಂದು ವಾರ ನನಗೆ ಅದೇ ಯೋಚನೆ. ಇವನಿಗೆ ಇದರಲ್ಲಿ ಏನೋ ಲಾಭವಿರಬೇಕು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

“ನಿಮ್ ಹೆಸರು ಅಂದ್ರೆ ಅದು ಅಂಗಡಿ ಅಣ್ಣ” ಎಂದ. “ನನ್ ಹೆಸರು ಕೆಟ್ರೆ ಯಾರಿಗ್ ಗೊತ್ತಾಗತ್ತೆ?”

ನಾನು ಆ ಹೊತ್ತೇ ಹೆಸರನ್ನು ಕಿತ್ತೆ. ಮೂವತ್ತಾರನ್ನೂ ಒಂದೊಂದಾಗಿ. ಕೀಳುವಾಗ ಬೆಸುಗೆಯ ಕಾವಿಗೆ ನಾಲ್ಕು ಸತ್ತವು. ಖಾದರ್ ಪಕ್ಕದಲ್ಲೇ ಕೂತು ನೋಡುತ್ತಿದ್ದ.

“ಒಂದಾದ್ರೂ ಇರ್ಲಿ ಅಣ್ಣ. ಪೆಟ್ಟಿಗೆ ಆನ್ ಆಗಿದ್ಯೋ ಇಲ್ವೋ ಅಂತ ನಂಗೆ ಗೊತ್ತಾಗ್ಬೇಕಲ್ಲ.”

ಆಗ ಮತ್ತೊಮ್ಮೆ ಆರಿಸಲು ಕೂತೆ. ಈ ಸಲ ಹೆಚ್ಚು ಉರಿಯುವುದು ಯಾವುದು ಎಂದಲ್ಲ, ಕಡಿಮೆ ಕರೆಂಟಿನಲ್ಲೂ ಉರಿಯುವುದು ಯಾವುದು ಎಂದು. ದೊಡ್ಡ ರೆಸಿಸ್ಟರು ಹಾಕಿ ಎಲ್ಲವನ್ನೂ ಎರಡೇ ಮಿಲಿಆಂಪಿಯರಿನಲ್ಲಿ ಹೊತ್ತಿಸಿ ನೋಡಿದೆವು. ಹೆಚ್ಚಿನವು ತೂಕಡಿಸಿದವು. ಪ್ಪ ಎಂಬುದರ ಬುಡದಲ್ಲಿ ಯಾರ ಕಣ್ಣಿಗೂ ಬೀಳದ ಕಡೆ ಕೂತಿದ್ದ ಒಂದು ಮಾತ್ರ ಅಷ್ಟರಲ್ಲೇ ನಿಚ್ಚಳವಾಗಿ ಉರಿಯಿತು. ಅದನ್ನೇ ಖಾದರ್ ಕಡೆಗೆ ಮುಖ ಮಾಡಿ ಕೂರಿಸಿದೆ. ಮುಚ್ಚುವಾಗ ಸ್ಕ್ರೂಗಳಿಗೆ ಬಣ್ಣ ಹಚ್ಚಲಿಲ್ಲ. ಬಣ್ಣ ಮುಗಿದಿತ್ತು ಎಂಬುದೂ ಒಂದು ಕಾರಣ.

ಈಗ ಆ ಪೆಟ್ಟಿಗೆ ಖಾದರ್ ಮನೆಯಲ್ಲಿದೆ. ಅಂಗಡಿ ಅದೇ, ಮೀಟರುಗಳು ಎರಡು. ಹಲ್ಲುಪುಡಿ ಡಬ್ಬಿಯಲ್ಲಿ ಮೂವತ್ತೈದು ದೀಪಗಳಿವೆ. ಉರಿಯುವವು ಮೂವತ್ತೊಂದು, ಉರಿಯದವು ನಾಲ್ಕು. ನನ್ನ ಹತ್ತಿರ ಇಲ್ಲದ್ದು ಒಂದು.